ಆ 14 ಕಿಲೋ ಚೋಣಕ್ ರಾಜ ಅಲ್ಲ, ರಾಣಿ

ಹೋದ ಮಳೆಗಾಲದಲ್ಲಿ ಕಾಳಿ ನದಿಯ ಅಳಿವೆ ಹತ್ತಿರ ನನ್ನ ದೋಸ್ತ ಒಬ್ಬ ಗಾಳ ಹಾಕಿ 14 ಕಿಲೋ ಚೋಣಕ್ ಮೀನು (ಇಂಗ್ಲಿಷಿನಲ್ಲಿ ಬಾರಾಮುಂಡಿ) ಹಿಡಿದ. ಸಂಜೆಯೊಳಗೆ ಕಾರವಾರದ ಗ್ರೂಪುಗಳಲ್ಲೆಲ್ಲ ಅದೇ ಫೋಟೊ, ಕೆಳಗೆ ಎಲ್ಲರೂ "ರಾಜ ಸಿಕ್ಕಿದ" ಅಂತ ಬರೆದಿದ್ದರು. ರಾಜ ಅಲ್ಲ ಮಾರಾಯ್ರೆ, ರಾಣಿ.

ಚೋಣಕ್ ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷ ಕಳೆದು ಮೈ ತುಂಬಿದ ಮೇಲೆ ಹೆಣ್ಣಾಗುತ್ತದೆ. ಆ ಗಾತ್ರದ್ದು ಸಿಕ್ಕಿತು ಅಂದರೆ ಹೆಚ್ಚುಕಡಿಮೆ ಹೆಣ್ಣೇ, ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ಅದು ಅಳಿವೆಗೆ ಬರುವುದೂ ಮಳೆಗಾಲದಲ್ಲೇ, ಮೊಟ್ಟೆ ಇಡಲಿಕ್ಕೆ. ನಾವು ಗಾಳ ಹಿಡಿದು ಬಂಡೆ ಮೇಲೆ ನಿಲ್ಲುವುದೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲಿ ಸುಮ್ನೆ ನಿಂತಿರುತ್ತವೆ, ಹೊಟ್ಟೆಪಾಡಿನವರು ಕಾಯುತ್ತಾರೆ. ಶೋಕಿಗೆ ಗಾಳ ಹಾಕುವ ನಮಗೆ ಮಾತ್ರ ಸೀಸನ್ ಅಂತೆ! ಮೀನುಗಾರರು ಬಲೆಯಲ್ಲಿ ಟನ್ನುಗಟ್ಟಲೆ ಎಳೆಯುತ್ತಾರಲ್ಲ, ನಮ್ಮ ಒಂದು ಮೀನು ಯಾವ ಲೆಕ್ಕ ಅಂತ ಕೇಳುತ್ತೀರಿ. ಸರಿ, ಆದರೆ ಅವರ ಬಲೆ ದೊಡ್ಡದನ್ನೇ ಹುಡುಕಿಕೊಂಡು ಹೋಗುವುದಿಲ್ಲ, ನಾವು ಹೋಗುತ್ತೇವೆ.

ಇನ್ನು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಕಡೆ ಡೈವಿಂಗ್ ಮಾಡುವ ಗೆಳೆಯರು. ನಮ್ಮನ್ನು ಕಟುಕರು ಅಂತ ಬೈಯುತ್ತಾರೆ, ಅವರಲ್ಲೇ ಕೆಲವರಿಗೆ ಈಟಿ ಗನ್ನಿನ ಆಸೆ. ಉಸಿರು ಕಟ್ಟಿ ಇಳಿದು ಹೊಡೆದರೆ ಅದು ಸಮಾನ ಹೋರಾಟವಂತೆ. ಬಂಡೆ ಸಂದಿಯ ಗೋಬ್ರಾ (ಗ್ರೂಪರ್) ಮೀನು ನೋಡಿದ್ದೀರಲ್ವಾ? ಅದು ಓಡುವ ಮೀನಲ್ಲ. ತನ್ನ ಬಂಡೆಯ ಸಂದಿ ಬಾಗಿಲಲ್ಲಿ ನಿಂತು ನಿಮ್ಮನ್ನೇ ನೋಡುತ್ತಿರುತ್ತದೆ, ಮನೆಗೆ ಬಂದ ನೆಂಟರನ್ನು ನೋಡಿದ ಹಾಗೆ. ಅದರಲ್ಲಿ ಲೆಕ್ಕ ಉಲ್ಟಾ: ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತದೆ. ಪ್ರತಿ ಸಲ ದೊಡ್ಡದನ್ನೇ ಆರಿಸಿ ಹೊಡೆದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ.

ಹಿಡಿದು ಬಿಟ್ಟರಾಯಿತು ಅನ್ನುವವರಿಗೂ ಒಂದು ಮಾತು. ಆಳದಿಂದ ಸರ್ರನೆ ಎಳೆದ ಮೀನಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರುತ್ತದೆ, ಬಿಟ್ಟರೂ ಅದು ಕೆಳಗೆ ಇಳಿಯಲಾರದೆ ತೇಲುತ್ತದೆ. ಅಳಿವೆಯ ಚೋಣಕ್‌ಗೆ ಅಷ್ಟು ತೊಂದರೆ ಇಲ್ಲ, ಆದರೆ ದವಡೆಗೆ ಕೊಕ್ಕೆ ಹಾಕಿ ನೇತಾಡಿಸಬೇಡಿ, ಹೊಟ್ಟೆ ಕೆಳಗೆ ಒದ್ದೆ ಕೈ ಕೊಟ್ಟು ನೀರಿನ ಮಟ್ಟದಲ್ಲೇ ಫೋಟೊ ತೆಗೆಯಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಮೀನಿಗೆ 58 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, 120 ದಾಟಿದ್ದೂ ಬೇಡ ಅಂತ ಕಾನೂನೇ ಇದೆ. ನಮಗೆ ಕಾನೂನು ಬರುವವರೆಗೆ ಕಾಯಬೇಕಾ? ರಾಡ್ ಮೇಲೆ ಎರಡು ಗೆರೆ ಎಳೆದುಕೊಂಡರೆ ಸಾಕು. ನಡುವಿನದ್ದು ಸಾರಿಗೆ, ಉಳಿದದ್ದು ವಾಪಸ್ ಕಾಳಿಗೆ.

ದೊಡ್ಡ ಚೋಣಕ್ ಹಿಡಿದ ನನ್ನ ಹಳೇ ಫೋಟೊ ಹುಡುಕಿ ಕೆಳಗೆ ಹಾಕುತ್ತೀರಿ ಅಂತ ಗೊತ್ತು. ಹಾಕಿ. ಅದೂ ಜುಲೈ ತಿಂಗಳದ್ದೇ, ಹೊಟ್ಟೆ ಸೀಳಿದಾಗ ಎರಡು ಕಡೆಯೂ ಮೊಟ್ಟೆ ಇತ್ತು, ನಮ್ಮ ಆಯಿ ಅದನ್ನು ಹುರಿಯದೆ ಹಾಗೇ ಎತ್ತಿಟ್ಟಳು.