ವರ್ಷಗಟ್ಲೆ ಹೋಗದ ಎಕ್ಸಿಮಾ, ಬಯಾಪ್ಸಿ ಯಾವಾಗ ಮಾಡಿಸ್ಬೇಕು?

ನಮಸ್ಕಾರ ಎಲ್ರಿಗೂ. ಚರ್ಮದ ಮೇಲಿನ ಮಚ್ಚೆ ಕ್ರೀಮ್ ಹಚ್ಚಿದ್ರೆ ಕಮ್ಮಿಯಾಗುತ್ತೆ, ಬಿಟ್ರೆ ಮತ್ತೆ ಬರುತ್ತೆ, ಹಿಂಗೇ ವರ್ಷಗಳಿಂದ ನಡೀತಿದ್ಯಾ? ಹೆಚ್ಚಿನವ್ರಿಗೆ ಅದು ಎಕ್ಸಿಮಾ ಅಥವಾ ಸೋರಿಯಾಸಿಸ್ಸೇ ಆಗಿರುತ್ತೆ, ಗಾಬರಿ ಬೇಡ. ಆದ್ರೆ ಅಪರೂಪಕ್ಕೆ ಅದು ಮೈಕೋಸಿಸ್ ಫಂಗಾಯ್ಡಿಸ್ ಆಗಿರಬಹುದು, ಅಂದ್ರೆ ಟಿ-ಸೆಲ್ ಅನ್ನೋ ಬಿಳಿ ರಕ್ತಕಣ ಕೆಟ್ಟು ಚರ್ಮದಲ್ಲಿ ಬೀಡುಬಿಡೋ ಲಿಂಫೋಮಾ ಅನ್ನೋ ಕ್ಯಾನ್ಸರ್. 1806ರಲ್ಲೇ ಫ್ರಾನ್ಸಿನ ಡಾಕ್ಟರ್ ಅಲಿಬೆರ್ ಇದನ್ನ ಗುರುತಿಸಿದ್ರು, ಆದ್ರೂ ಇವತ್ತಿಗೂ ಮೊದಲ ಮಚ್ಚೆ ಬಂದು ಕಾಯಿಲೆ ಪತ್ತೆಯಾಗೋಷ್ಟರಲ್ಲಿ ಎಷ್ಟೋ ಜನಕ್ಕೆ ವರ್ಷಗಳೇ ಕಳೆದುಹೋಗ್ತಾವೆ.

[ಸ್ಕ್ರೀನ್ ಮೇಲೆ: ಮಚ್ಚೆ ಬರೋ ಜಾಗಗಳ ಚಿತ್ರ]

ಜಾಗ ಗಮನಿಸಿ. ಬಿಸಿಲು ಬೀಳದ ಕಡೆ ಜಾಸ್ತಿ, ಅಂದ್ರೆ ಕುಂಡೆ, ಸೊಂಟ, ತೊಡೆ, ಎದೆ. ತೆಳುವಾದ ಮಚ್ಚೆ, ಸ್ವಲ್ಪ ಹೊಟ್ಟು, ಸುಕ್ಕುಗಟ್ಟಿದ ಹಂಗೆ ಕಾಣುತ್ತೆ. ಕಪ್ಪು, ಕಂದು ಚರ್ಮದಲ್ಲಿ ಕೆಂಪಿನ ಬದಲು ಬಿಳಿಚಿಕೊಂಡ ಮಚ್ಚೆಯಾಗಿ ಬರಬಹುದು, ಮಕ್ಕಳಲ್ಲೂ ಬರುತ್ತೆ, ಆಗ ತೊನ್ನು ಅಂದ್ಕೊಂಡು ಸುಮ್ನಾಗೋದೇ ಹೆಚ್ಚು.

ಈಗ ಮುಖ್ಯ ವಿಷಯ, ಬಯಾಪ್ಸಿ, ಅಂದ್ರೆ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡೋದು. ಒಂದು ಸಲ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂದ್ರೆ ಕಥೆ ಮುಗೀತು ಅನ್ಕೋಬೇಡಿ ದಯವಿಟ್ಟು. ಶುರುವಿನಲ್ಲಿ ಕೆಟ್ಟ ಕಣಗಳು ತೀರಾ ಕಮ್ಮಿ ಇರ್ತಾವೆ, ಸುತ್ತ ಮಾಮೂಲಿ ಉರಿಯೂತದ ಕಣಗಳೇ ತುಂಬ್ಕೊಂಡಿರ್ತಾವೆ, ಅದ್ರ ಮೇಲೆ ಸ್ಟೀರಾಯ್ಡ್ ಕ್ರೀಮ್ ಹಚ್ತಾ ಇದ್ರೆ ಇರೋ ಸುಳಿವೂ ಮಾಸಿಹೋಗುತ್ತೆ. ಅದಕ್ಕೇ ಬಯಾಪ್ಸಿಗೆ ಎರಡರಿಂದ ನಾಲ್ಕು ವಾರ ಮುಂಚೆ ಕ್ರೀಮ್ ನಿಲ್ಸೋಕೆ ಹೇಳ್ತಾರೆ (ನೀವೇ ನಿಲ್ಲಿಸ್ಬೇಡಿ, ಡಾಕ್ಟರನ್ನ ಕೇಳಿ), ಮತ್ತೆ ಒಂದೇ ಕಡೆ ಅಲ್ಲ, ಬೇರೆ ಬೇರೆ ಮಚ್ಚೆಯಿಂದ ತೆಗೀತಾರೆ.

ಪೆಥಾಲಜಿಸ್ಟ್, ಅಂದ್ರೆ ಆ ಚೂರನ್ನ ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪಲ್ಲಿ ಪರೀಕ್ಷೆ ಮಾಡೋ ಡಾಕ್ಟರ್, ನೋಡೋದು ಟಿ-ಸೆಲ್‌ಗಳು ಚರ್ಮದ ಮೇಲ್ಪದರಕ್ಕೆ ನುಗ್ಗಿದ್ಯಾ ಅಂತ. ಆಮೇಲೆ ಬಣ್ಣ ಹಾಕಿ ನೋಡೋ ಸ್ಟೇನಿಂಗ್‌ನಲ್ಲಿ ಟಿ-ಸೆಲ್ ಮೇಲಿರೋ ಸಿಡಿ7 ತರದ ಗುರುತು (ಮಾರ್ಕರ್) ಕಳ್ಕೊಂಡಿದ್ಯಾ, ಜೀನ್ ಟೆಸ್ಟಲ್ಲಿ ಎಲ್ಲಾ ಒಂದೇ ಕಣದಿಂದ ಹುಟ್ಟಿದ ಸಂತಾನನಾ ಅಂತಾನೂ ನೋಡ್ತಾರೆ. ಜೀನ್ ಟೆಸ್ಟ್ ಪಾಸಿಟಿವ್ ಬಂದ್ರೂ ಅದೊಂದನ್ನೇ ನಂಬೋಕಾಗಲ್ಲ, ಮಾಮೂಲಿ ಕಾಯಿಲೆಲೂ ಕೆಲವೊಮ್ಮೆ ಹಂಗೆ ಬರುತ್ತೆ. ಎರಡು ಬೇರೆ ಜಾಗದಲ್ಲಿ ಒಂದೇ ಕ್ಲೋನ್ (ಒಂದೇ ಕಣದ ಸಂತಾನ) ಸಿಕ್ರೆ ಮಾತ್ರ ಅನುಮಾನ ಗಟ್ಟಿಯಾಗುತ್ತೆ. ಮೈಮೇಲಿನ ಮಚ್ಚೆ, ಸ್ಲೈಡ್, ಸ್ಟೇನ್, ಜೀನ್, ನಾಲ್ಕನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕೋ ಪದ್ಧತಿ ಇರೋದು ಇದಕ್ಕೇನೇ.

ಪತ್ತೆಯಾದ್ರೆ ಎಷ್ಟು ಹರಡಿದೆ ಅಂತ ಅಳೀತಾರೆ, ಬೆರಳು ಸೇರಿ ನಿಮ್ಮ ಅಂಗೈ ಅಂದ್ರೆ ಸುಮಾರು 1% ಚರ್ಮ. 10% ಒಳಗಿದ್ದು, ದುಗ್ಧಗ್ರಂಥಿ (ಲಿಂಫ್ ನೋಡ್), ರಕ್ತಕ್ಕೆ ಹೋಗದೇ ಇದ್ರೆ ಸ್ಟೇಜ್ 1ಎ. ಈ ಹಂತದಲ್ಲಿ ಸಿಕ್ಕವ್ರ ಆಯಸ್ಸು ಹೆಚ್ಚುಕಮ್ಮಿ ಬೇರೆಯವ್ರಷ್ಟೇ ಇರುತ್ತೆ, ಟ್ರೀಟ್‌ಮೆಂಟೂ ಸಾಮಾನ್ಯವಾಗಿ ಹಚ್ಚೋ ಔಷಧಿ, ಯುವಿ ಲೈಟ್ ಅಷ್ಟೇ, ನೇರ ಕೀಮೋ ಅಲ್ಲ.

ಹೊಸ ಡಾಕ್ಟರ್ ಹತ್ರ ಹೋಗುವಾಗ ಹಳೇ ಬಯಾಪ್ಸಿ ಸ್ಲೈಡ್, ಬ್ಲಾಕ್ (ಚೂರನ್ನ ಮೇಣದಲ್ಲಿ ಇಟ್ಟಿರೋ ತುಂಡು) ಎರಡನ್ನೂ ಲ್ಯಾಬಿಂದ ಕೇಳಿ ತಗೊಂಡು ಹೋಗಿ. ಬರೀ ರಿಪೋರ್ಟ್ ಹಾಳೆ ಸಾಕಾಗಲ್ಲ.