ತೂಕ ಇಳಿಯಿತು, ಇಳಿದದ್ದು ಏನು?

ಬಾನುಲಿ ಕೇಳುಗರಿಗೆ ನಮಸ್ಕಾರ.

ಮಾತು ಶುರು ಮಾಡುವ ಮುನ್ನ ನಿಮಗೊಂದು ಕೆಲಸ ಹೇಳುತ್ತೇನೆ. ಮನೆಯಲ್ಲಿ ಹೂ ಕಟ್ಟುವ ದಾರವೋ ಹೊಲಿಗೆಯ ನೂಲೋ ಇದ್ದರೆ ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ನೆತ್ತಿಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರದಷ್ಟೇ ದಾರವನ್ನು ಕತ್ತರಿಸಿ ಕೊಡಲು ಮನೆಯವರಿಗೆ ಹೇಳಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಈಗ ಮಡಿಸಿದ ದಾರವನ್ನು ಹೊಕ್ಕುಳಿನ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿ ನೋಡಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬೇಡಿ, ಉಸಿರು ಬಿಟ್ಟು ಸಹಜವಾಗಿ ನಿಲ್ಲಿ. ಎರಡೂ ತುದಿ ಕೂಡಿದರೆ ಸಂತೋಷ. ಕೂಡದೆ ನಡುವೆ ಮೂರು ಬೆರಳು, ನಾಲ್ಕು ಬೆರಳು ಜಾಗ ಉಳಿದರೆ ಇಂದಿನ ಮಾತು ನಿಮಗಾಗಿಯೇ. ಬಸುರಿಯರು ಮತ್ತು ಚಿಕ್ಕ ಮಕ್ಕಳು ಈ ಅಳತೆಗೆ ಸೇರುವುದಿಲ್ಲ.

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಆಹಾರ ಸಲಹೆ ಕೊಡುವ ಕೆಲಸ ನನ್ನದು. ಬಂದವರೆಲ್ಲ ಕುಳಿತುಕೊಳ್ಳುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಾನು ಎಷ್ಟು ಕಿಲೋ ಇಳಿಸಬೇಕು?" ಆ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು ಎಂದು ಹೇಳಿ ಹೇಳಿ ನನಗೆ ಸಾಕಾಗಿಲ್ಲ, ಇನ್ನೂ ಹೇಳುತ್ತಲೇ ಇರುತ್ತೇನೆ. ಇಳಿಯುತ್ತಿರುವುದು ಏನು? ನೀರೇ, ಮಾಂಸಖಂಡವೇ, ಕೊಬ್ಬೇ? ತೂಕದ ಯಂತ್ರಕ್ಕೆ ಗೊತ್ತಿರುವುದು ಭಾರವೊಂದೇ. ಅದಕ್ಕೆ ಎಲುಬೂ ಒಂದೇ, ಕೊಬ್ಬೂ ಒಂದೇ.

ಎರಡು ವರ್ಷದ ಹಿಂದೆ ಇಪ್ಪತ್ತಮೂರು ವಯಸ್ಸಿನ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಯಾರೋ "ಹುಡುಗಿ ಸ್ವಲ್ಪ ದಪ್ಪ" ಎಂದರಂತೆ. ಅಂದಿನಿಂದ ಅವಳು ಅನ್ನ, ಮುದ್ದೆ, ಬೇಳೆ ಎಲ್ಲವನ್ನೂ ಬಿಟ್ಟು ಮೂರು ವಾರ ಹಣ್ಣಿನ ರಸ ಮತ್ತು ಸೌತೆಕಾಯಿಯ ಮೇಲೆ ಇದ್ದಳು. ಆರು ಕಿಲೋ ಇಳಿದಿತ್ತು. ಬಸ್ಸಿನಲ್ಲಿ ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಮದುವೆಯ ಹೊತ್ತಿಗೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಉಪವಾಸದ ಪೆಟ್ಟು ಕೂದಲಿನಲ್ಲಿ ಕಾಣಿಸಿಕೊಳ್ಳುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಮದುವೆಯಾಗಿ ನಾಲ್ಕೇ ತಿಂಗಳಿಗೆ ಆರು ಕಿಲೋ ಮರಳಿ ಬಂತು, ಮೇಲೆ ಎರಡು ಕಿಲೋ ಸೇರಿಕೊಂಡಿತು. ಆ ಒಂದು ಮಾತನ್ನು ಆಡಿದವರು ಇದನ್ನು ಕೇಳುತ್ತಿದ್ದರೆ ದಯವಿಟ್ಟು ಇನ್ನು ಮುಂದೆ ಯಾವ ಹುಡುಗಿಗೂ ಹಾಗೆ ಹೇಳಬೇಡಿ.

ಅವಳ ಮೈಯೊಳಗೆ ಆದದ್ದು ಇಷ್ಟು. ನಮ್ಮ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಪಿಷ್ಟದಂಥ ಒಂದು ವಸ್ತು ದಾಸ್ತಾನಿರುತ್ತದೆ, ಅದಕ್ಕೆ ಗ್ಲೈಕೋಜೆನ್ ಎನ್ನುತ್ತಾರೆ. ಅದು ತನ್ನ ಭಾರದ ಸುಮಾರು ಮೂರರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಈ ದಾಸ್ತಾನು ಖಾಲಿಯಾಗುತ್ತದೆ, ಜೊತೆಗಿದ್ದ ನೀರೂ ಹೋಗುತ್ತದೆ. "ಒಂದೇ ವಾರದಲ್ಲಿ ಮೂರು ಕಿಲೋ" ಎಂಬ ಜಾಹೀರಾತುಗಳು ಮಾರುವುದು ಈ ನೀರನ್ನೇ. ಎರಡು ದಿನ ಸರಿಯಾಗಿ ಊಟ ಮಾಡಿದರೆ ಅದು ವಾಪಸು ಬರುತ್ತದೆ. ಇನ್ನೂ ಹಸಿದೇ ಇದ್ದರೆ ದೇಹ ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕರಗಿಸಿ ಉಣ್ಣುತ್ತದೆ. ಈ ನಷ್ಟ ಸುಲಭವಾಗಿ ತುಂಬುವುದಿಲ್ಲ. ತೂಕ ಮರಳಿ ಬರುವಾಗ ಹೆಚ್ಚಾಗಿ ಬರುವುದು ಕೊಬ್ಬೇ.

ಕೊಬ್ಬಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮೋಸ ಹೋಗದಿರಲು ಇದೊಂದು ಲೆಕ್ಕ ಸಾಕು. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇದೆ. ತಿಂಗಳಲ್ಲಿ ಹತ್ತು ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ 2,500ಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆಯಾಗಬೇಕು. ಮನೆಗೆಲಸ ಮಾಡಿಕೊಂಡಿರುವ ಹೆಂಗಸು ಇಡೀ ದಿನ ಉಣ್ಣುವ ಊಟದಲ್ಲಿಯೇ ಅಷ್ಟು ಇರುವುದಿಲ್ಲ. ಅಂದರೆ ಒಂದು ಅಗುಳೂ ತಿನ್ನದೆ ಇದ್ದರೂ ಆಗದ ಕೆಲಸ. ವಾರಕ್ಕೆ ಅರ್ಧ ಕಿಲೋ ಎಂದರೆ ದಿನಕ್ಕೆ 550 ಕ್ಯಾಲೊರಿಯ ಲೆಕ್ಕ. ಇದು ಆಗುವಂಥದ್ದು. ಅತಿ ಬೇಗ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಳ್ಳುವ ಅಪಾಯವೂ ಉಂಟು.

ಬೆವರಿನ ಬಗ್ಗೆಯೂ ಒಂದು ಮಾತು. ಹೊಟ್ಟೆಗೆ ಬಿಗಿಯಾದ ಪಟ್ಟಿ ಕಟ್ಟಿಕೊಂಡು, ಹಬೆಯ ಪೆಟ್ಟಿಗೆಯಲ್ಲಿ ಕುಳಿತು ಕೊಬ್ಬು ಕರಗಿತು ಎಂದು ನಂಬುವವರು ಬಹಳ ಮಂದಿ. ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಹತ್ತು ಕಿಲೋ ಕೊಬ್ಬಿನಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ಮಾತ್ರ ನೀರಾಗುತ್ತದೆ. ಬೆವರು ಸುರಿದು ಇಳಿದ ತೂಕ ಎರಡು ಚೊಂಬು ನೀರು ಕುಡಿದರೆ ತುಂಬಿಕೊಳ್ಳುತ್ತದೆ.

ಇನ್ನು ಆ ದಾರದ ಅಳತೆ ಏಕೆ, ತೂಕವೇ ಸಾಲದೇ ಎಂದು ನೀವು ಕೇಳಬಹುದು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರ ಮೈಯಲ್ಲಿ 21.2. ನಮ್ಮ ನಾಡಿನ ಮೈಕಟ್ಟೇ ಹೀಗೆ. ಕೈಕಾಲು ಸಣ್ಣ, ಕೊಬ್ಬು ಹೊಟ್ಟೆಯ ಸುತ್ತ. ಸೀರೆಯಲ್ಲೋ ಸಡಿಲ ಅಂಗಿಯಲ್ಲೋ ತೆಳ್ಳಗೆ ಕಾಣುವವರಿಗೂ ಸಕ್ಕರೆ ಕಾಯಿಲೆ ಬರುವುದು ಇದರಿಂದಲೇ. ಹಾಗಾಗಿ ನಮ್ಮವರಿಗೆ ಸೊಂಟದ ಮಿತಿಯನ್ನು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚಿದೆ. ಹೊಟ್ಟೆಯನ್ನು ಅಳೆದರೆ ಸಂಖ್ಯೆ ಇನ್ನೂ ದೊಡ್ಡದಾಗುತ್ತದೆ.

ಸರಿ, ಏನು ಮಾಡಬೇಕು? ನಾನು ಮೊದಲು ಕೇಳುವುದು ಊಟದ ಬಗ್ಗೆಯಲ್ಲ, ಎಣ್ಣೆಯ ಬಗ್ಗೆ. ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ? ಗಂಡ ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಇರುವ ಮನೆಯಲ್ಲಿ ಐದು ಲೀಟರಿನ ಕ್ಯಾನು ಇಪ್ಪತ್ತೈದು ದಿನಕ್ಕೆ ಮುಗಿಯುತ್ತದೆ ಎಂದು ಒಬ್ಬ ತಾಯಿ ಹೇಳಿದರು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು ಸಾಕು. ಆ ಮನೆಗೆ ಮೂರು ಲೀಟರು ಧಾರಾಳವಾಯಿತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಸೂರ್ಯಕಾಂತಿಯಾಗಲಿ, ಕಡಲೆಕಾಯಿಯಾಗಲಿ, ಗಾಣದ್ದಾಗಲಿ, ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಕ್ಯಾನು ಒಡೆದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಬಗ್ಗಿಸಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿ. ಎರಡನೆಯದು ಸಕ್ಕರೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಒಬ್ಬರೇ ವರ್ಷಕ್ಕೆ 14 ಕಿಲೋ ಸಕ್ಕರೆ ಕುಡಿದಂತೆ. ವಾರಕ್ಕೆ ಅರ್ಧರ್ಧ ಚಮಚ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ತಟ್ಟೆಯ ವಿಷಯಕ್ಕೆ ಬಂದರೆ, ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಈಗ ಎಲ್ಲೆಡೆ ಇದೆ. ರಾಗಿ ಒಳ್ಳೆಯದು, ಅದರಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ನಾರೂ ಇದೆ. ಆದರೆ ನೂರು ಗ್ರಾಂ ರಾಗಿಯೂ ನೂರು ಗ್ರಾಂ ಅಕ್ಕಿಯೂ ಶಕ್ತಿಯಲ್ಲಿ ಹೆಚ್ಚುಕಡಿಮೆ ಸಮವೇ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಹೊಲದಲ್ಲಿ ನೇಗಿಲು ಹಿಡಿದವರ ಊಟ. ಕಚೇರಿಯಲ್ಲಿ ಕುಳಿತವರಿಗೆ ಕಿತ್ತಳೆ ಗಾತ್ರದ ಒಂದು ಮುದ್ದೆ ಸಾಕು. ಹಸಿವೆಯನ್ನು ತಡೆಯುವುದು ಅದರ ಜೊತೆಗಿರುವ ಸೊಪ್ಪು ಮತ್ತು ಕಾಳು.

ಹಾಗೆ ನೋಡಿದರೆ ನಮ್ಮ ಬಸ್ಸಾರಿನಷ್ಟು ಚೆನ್ನಾದ ಅಡುಗೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಹುರುಳಿಯೋ ಹೆಸರುಕಾಳೋ ಮುಕ್ಕಾಲು ಬೆಂದಾಗ ದಂಟಿನ ಸೊಪ್ಪನ್ನು ಹಾಕಿ ಬೇಯಿಸುತ್ತೀರಿ. ಕಟ್ಟನ್ನು ಬಸಿದು ತೆಗೆಯುತ್ತೀರಿ. ಸುಟ್ಟ ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಕಾಳುಸೊಪ್ಪನ್ನೂ ರುಬ್ಬಿ ಆ ಕಟ್ಟಿಗೆ ಸೇರಿಸಿದರೆ ಸಾರು. ಬಸಿದು ಉಳಿದ ಸೊಪ್ಪು ಕಾಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ, ಕಾಳಿನ ಪ್ರೋಟೀನು, ಸೊಪ್ಪಿನ ನಾರು. ತಪ್ಪುವುದು ಬಡಿಸುವಾಗ. ಅನ್ನ ಗುಡ್ಡೆಯಾಗಿ, ಪಲ್ಯ ಉಪ್ಪಿನಕಾಯಿಯಷ್ಟು ಬೀಳುತ್ತದೆ. ಅದನ್ನು ತಿರುಗಿಸಿ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಕಾಳಿರಲಿ. ಮೊದಲು ಅದನ್ನು ಉಣ್ಣಿ, ಆಮೇಲೆ ಅನ್ನವೋ ಮುದ್ದೆಯೋ. ಮೊಟ್ಟೆ, ಮೀನು ತಿನ್ನುವವರು ಬಿಡಬೇಕಾಗಿಲ್ಲ, ಕರಿಯದಿದ್ದರೆ ಸಾಕು. ಯುಗಾದಿಯ ದಿನ ಒಂದು ಹೋಳಿಗೆ ತಿನ್ನಿ, ನೆಮ್ಮದಿಯಿಂದ ತಿನ್ನಿ.

ನಡಿಗೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ: ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ. ಆದರೆ ಅರ್ಧ ಗಂಟೆಯ ನಡಿಗೆ ವೆಚ್ಚ ಮಾಡುವ ಶಕ್ತಿ ನಡೆದು ಬಂದು ಹೋಟೆಲಿನಲ್ಲಿ ತಿನ್ನುವ ಒಂದು ಉದ್ದಿನವಡೆಗೆ ಹೊಂದಿಹೋಗುತ್ತದೆ. ಮಾಂಸಖಂಡ ಉಳಿಯಬೇಕಾದರೆ ಅದಕ್ಕೆ ಭಾರದ ಕೆಲಸ ಕೊಡಬೇಕು. ನಮ್ಮ ಗರಡಿಮನೆಗಳಲ್ಲಿ ಹೊಡೆಯುತ್ತಿದ್ದ ಬಸ್ಕಿ ಇದಕ್ಕೆ ಹೇಳಿ ಮಾಡಿಸಿದ್ದು. ಮಂಡಿ ನೋವಿರುವವರು ಕುರ್ಚಿಯ ಮೇಲೆ ಕುಳಿತು, ಕೈ ಊರದೆ ಎದ್ದು ನಿಲ್ಲಿ. ಹತ್ತು ಸಲ, ದಿನಕ್ಕೆ ಎರಡು ಬಾರಿ. ಚೆನ್ನೈಯಲ್ಲಿ ಡಾ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡವರಲ್ಲಿ ಕಾಯಿಲೆ ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಯಂತ್ರದ ಮುಳ್ಳು ಕದಲಲಿಲ್ಲ ಎಂದು ಅತ್ತುಕೊಂಡು ಬರುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಔಷಧಿಗಳ ಬಗ್ಗೆ ಎಚ್ಚರಿಕೆಯಿಂದ ಕೇಳಿ. ಸಿಬುಟ್ರಮಿನ್ ಎಂಬ ಹಸಿವೆ ತಗ್ಗಿಸುವ ಮಾತ್ರೆಯನ್ನು ಹೃದಯಕ್ಕೆ ಅಪಾಯ ಎಂದು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಅದೇ ವಸ್ತು "ಗಿಡಮೂಲಿಕೆ" ಎಂಬ ಹೆಸರಿನ ಪುಡಿಗಳಲ್ಲಿ ಬೆರೆತದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಪರಿಚಯದವರು ಮಾರುವ ಡಬ್ಬಿಯ ಮೇಲೆ ಒಳಗೇನಿದೆ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಮುಟ್ಟಬೇಡಿ. 2025ರಲ್ಲಿ ನಮ್ಮ ಮಾರುಕಟ್ಟೆಗೂ ವಾರಕ್ಕೊಮ್ಮೆ ತೆಗೆದುಕೊಳ್ಳುವ ತೂಕದ ಚುಚ್ಚುಮದ್ದುಗಳು ಬಂದಿವೆ. ಬೊಜ್ಜು ಕಾಯಿಲೆಯ ಮಟ್ಟ ಮುಟ್ಟಿದವರಿಗೆ ಅವು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಅವುಗಳೊಂದಿಗೂ ಮಾಂಸಖಂಡ ಕರಗುತ್ತದೆ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಒಂದು ವರ್ಷದೊಳಗೆ ಮರಳಿ ಬರುವುದು ಸಾಮಾನ್ಯ. ವೈದ್ಯರು ಪರೀಕ್ಷಿಸಿ ಬರೆದುಕೊಡದೆ ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಾವೇ ಉಪವಾಸ ಶುರು ಮಾಡಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮತ್ತೊಂದು ಮಾತು: ಏನೂ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ಆಸ್ಪತ್ರೆಗೆ ಬನ್ನಿ.

ಐದು ಲೀಟರಿನ ಕ್ಯಾನಿನ ಮಾತು ಹೇಳಿದೆನಲ್ಲ, ಆ ತಾಯಿಗೆ ನಲವತ್ತಾರು ವರ್ಷ. ಅವರ ಕೈಗೆ ನಾನು ಕೊಟ್ಟದ್ದು ಒಂದು ದಾರ. ತಿಂಗಳ ಮೊದಲ ದಿನ ಬೆಳಿಗ್ಗೆ ಸೊಂಟಕ್ಕೆ ಸುತ್ತಿ, ಕೂಡುವ ಜಾಗದಲ್ಲಿ ಒಂದು ಗಂಟು ಹಾಕಿ ಎಂದಿದ್ದೆ. ಆರು ತಿಂಗಳಾದ ಮೇಲೆ ತೂಕ ಇಳಿದಿದ್ದದ್ದು ಮೂರೇ ಕಿಲೋ. ಪರ್ಸಿನಿಂದ ದಾರ ತೆಗೆದು ಮೇಜಿನ ಮೇಲೆ ಹರಡಿದರು. ಮೊದಲ ಗಂಟಿಗೂ ಕೊನೆಯ ಗಂಟಿಗೂ ನಡುವೆ ನನ್ನ ನಾಲ್ಕು ಬೆರಳು ಕೂತವು. ದಾರಕ್ಕೆ ಸಾಸಿವೆಯ ವಾಸನೆ ಇತ್ತು. ದುಡ್ಡಿಡುವ ಸಾಸಿವೆ ಡಬ್ಬಿಯಲ್ಲೇ ಅದನ್ನೂ ಇಟ್ಟಿದ್ದರಂತೆ. ಮನೆಯವರ ಸೊಂಟಕ್ಕೂ ಒಂದು ದಾರ ಬೇಕು ಎಂದು ಕೇಳಿ ತೆಗೆದುಕೊಂಡು ಹೋದರು.

ನಮಸ್ಕಾರ.