ಬಟಾಣಿ ಕಾಳಿನಷ್ಟು ಮುಲಾಮು, ಮಾರುದ್ದ ಜಗಳ

ಬಲ್ಬಿನ ಬೆಳಕು ಹಳದಿಯಾಗಿದೆ, ಅದಕ್ಕೇ ನನ್ನ ಮುಖ ಕಾಮಾಲೆ ಬಂದಂತೆ ಕಾಣುತ್ತಿದೆ. ಹೊಸ ಬಲ್ಬು ತರುವ ಕೆಲಸ ತಮ್ಮನದು. ಅವನು ತರುವವರೆಗೆ ಕಾದರೆ ನನ್ನ ಮೊಡವೆಯ ಮುಲಾಮಿನ ಈ ವಿಡಿಯೊ ಮುಂದಿನ ಯುಗಾದಿಗೆ ಬರುತ್ತದೆ, ಆದ್ದರಿಂದ ಇದರಲ್ಲೇ ನಡೆಯಲಿ. ನಾನು ಮುಖ ತೊಳೆಯುವುದನ್ನು ನೀವೇ ನೋಡಿ. ಒಂದು ಮಾತು ಮಾತ್ರ ಹೇಳುತ್ತೇನೆ: ಕಡಲೆಹಿಟ್ಟು, ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಯಾವುದೂ ಈ ಬೇಸಿನ್ನಿನ ಹತ್ತಿರ ಇಲ್ಲ. ಸಾದಾ ಫೇಸ್‌ವಾಶ್, ಬೆರಳ ತುದಿ, ಮುಗಿಯಿತು. ಮೊಡವೆಯನ್ನು ಉಜ್ಜಿ ತೆಗೆಯಲು ಅದೇನು ಕೊಳೆಯಲ್ಲ.

ಇದು ಆ ಟ್ಯೂಬು. ಹೆಸರಿನ ಮೇಲೆ ಟೇಪ್ ಅಂಟಿಸಿದ್ದೇನೆ, ಜೂಮ್ ಮಾಡಿ ಓದುವ ಶ್ರಮ ಬೇಡ. ಡಾಕ್ಟರಮ್ಮ ಬರೆದುಕೊಟ್ಟಿರುವುದು ನನ್ನ ಮುಖ ನೋಡಿ, ನಿಮ್ಮ ಮುಖವನ್ನು ಅವರು ನೋಡಿಲ್ಲ. ಹೆಸರಿನ ಕೆಳಗೆ ಇರುವೆ ಸಾಲು ಹೋದ ಹಾಗೆ ಸಣ್ಣ ಅಕ್ಷರಗಳಿವೆಯಲ್ಲ, ಅದನ್ನು ಓದುತ್ತೇನೆ: ಅಡಾಪಲೀನ್ 0.1%, ಬೆಂಜಾಯಿಲ್ ಪೆರಾಕ್ಸೈಡ್ 2.5%. ಮೊದಲನೆಯದು ವಿಟಮಿನ್ ಎ ಬಳಗದ ರೆಟಿನಾಯ್ಡ್. ಚರ್ಮದ ರಂಧ್ರ ಸತ್ತ ಕೋಶಗಳಿಂದ ಕಟ್ಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಎರಡನೆಯದು ಒಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 15 ಗ್ರಾಂ ಟ್ಯೂಬಿಗೆ 340 ರೂಪಾಯಿ ಕೊಟ್ಟೆ. ಹದಿನೈದೇ ಗ್ರಾಂ! ಹಗಲು ದರೋಡೆ.

ಈಗ ಬರುತ್ತಿರುವುದು ಔಷಧಿ ಅಂಗಡಿಯ ಹೊರಗಿನ ದೃಶ್ಯ. ಒಳಗೆ ಕ್ಯಾಮೆರಾ ಬೇಡ ಎಂದರು, ಹಾಗಾಗಿ ನೀವು ನೋಡುತ್ತಿರುವುದು ಪಕ್ಕದ ಎಳನೀರಿನ ಗಾಡಿ ಮತ್ತು ಮಲಗಿರುವ ನಾಯಿ. ನಾಯಿಗೆ ಏನೂ ಆಗಿಲ್ಲ, ದಾವಣಗೆರೆಯ ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಹೀಗೆಯೇ ಬಿದ್ದಿರುತ್ತಾರೆ.

ಒಳಗೆ ಆದದ್ದು ಇಷ್ಟು. ಚೀಟಿ ಕೊಟ್ಟೆ. ಅಂಗಡಿಯವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಬೇರೊಂದು ಟ್ಯೂಬು ತಂದಿಟ್ಟರು. "ಅದು ಖಾಲಿಯಾಗಿದೆ. ಇದನ್ನು ತೆಗೆದುಕೊಂಡು ಹೋಗಮ್ಮ, ಎರಡೂ ಒಂದೇ. ಇದು ಇನ್ನೂ ಬೇಗ ಕೆಲಸ ಮಾಡುತ್ತದೆ, ಕಲೆಯೂ ಹೋಗುತ್ತದೆ, ಬಣ್ಣವೂ ಬರುತ್ತದೆ." ಬಣ್ಣವನ್ನು ಕೇಳಿದವರು ಯಾರು? ತಿರುಗಿಸಿ ಓದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ನನ್ನ ಚೀಟಿಯಲ್ಲಿದ್ದ ಎರಡರಲ್ಲಿ ಒಂದೂ ಅದರಲ್ಲಿ ಇಲ್ಲ. "ಒಂದೇ ಎಂದಿರಲ್ಲ ಅಣ್ಣ, ಎಲ್ಲಿ ಒಂದೇ?" ಎಂದು ಕೇಳಿದೆ. "ಟ್ರೆಟಿನಾಯಿನ್ ಕೂಡ ಮೊಡವೆಗೇ ಅಮ್ಮ, ಎಷ್ಟು ಜನ ಒಯ್ಯುತ್ತಾರೆ ಗೊತ್ತೇ" ಎಂದರು. ಹಿಂದೆ ನಿಂತಿದ್ದ ಒಬ್ಬರು ಗ್ಯಾಸ್ ಮಾತ್ರೆಗೆ ಅವಸರ ಮಾಡುತ್ತಿದ್ದರು, ನಾನು ಕದಲಲಿಲ್ಲ.

ಅವರ ಮಾತಿನಲ್ಲಿ ಅರ್ಧ ನಿಜವಿದೆ, ಸಿಟ್ಟು ಬರುವುದು ಅದಕ್ಕೇ. ಟ್ರೆಟಿನಾಯಿನ್ ಮೊಡವೆಯ ಔಷಧಿಯೇ ಹೌದು, ಅಡಾಪಲೀನಿನ ಅಕ್ಕ ಎನ್ನಬಹುದು. ಆದರೆ ಜೊತೆಗಿರುವ ಹೈಡ್ರೋಕ್ವಿನೋನ್ ಬಣ್ಣ ತಿಳಿಯಾಗಿಸುವ ಔಷಧಿ, ಮೊಮೆಟಾಸೋನ್ ಸ್ಟೀರಾಯ್ಡ್. 1975ರಲ್ಲಿ ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಇಂಥ ಮೂರರ ಮಿಶ್ರಣವೊಂದನ್ನು ಚರ್ಮದ ಬಣ್ಣ ತಿಳಿಯಾಗಿಸುವುದಕ್ಕೆಂದು ಪ್ರಕಟಿಸಿದರು. ಇಂದು ವೈದ್ಯರು ಈ ಬಗೆಯ ಮುಲಾಮನ್ನು ಬರೆಯುವುದು ಹೆಚ್ಚಾಗಿ ಮುಖದ ಮೇಲೆ ಏಳುವ ಬಂಗು ಎಂಬ ಕಂದು ಕಲೆಗೆ, ಅದೂ ಕೆಲವು ವಾರಗಳ ಮಟ್ಟಿಗೆ. ನಮ್ಮಲ್ಲಿ ಅದು ಬೆಳ್ಳಗಾಗುವ ಕ್ರೀಮಾಗಿ ಅಂಗಡಿಯಿಂದ ನೇರವಾಗಿ ಮನೆಗೆ ಬರುತ್ತದೆ. ಹಚ್ಚಿದ ಹೊಸದರಲ್ಲಿ ಕೆಂಪು ಇಳಿಯುತ್ತದೆ, ಮುಖ ನುಣುಪಾಗುತ್ತದೆ, "ಎಂಥ ಒಳ್ಳೆಯ ಕ್ರೀಮು" ಎನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆಗಳು ಏಳುತ್ತವೆ. ನಿಲ್ಲಿಸಲು ಹೋದರೆ ಮುಖ ಉರಿದು ಕೆಂಪಾಗುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಈಗಾಗಲೇ ಹಚ್ಚುತ್ತಿರುವವರು ಈ ವಿಡಿಯೊ ನೋಡಿ ತಾವೇ ಏನೇನೋ ಮಾಡುವುದು ಬೇಡ. ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಚರ್ಮದ ಡಾಕ್ಟರ ಬಳಿಗೆ ಹೋಗಿ, ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ದೇಶದ ಚರ್ಮತಜ್ಞರ ಸಂಘ ಐಎಡಿವಿಎಲ್ ಇದರ ವಿರುದ್ಧ ಕಾರ್ಯಪಡೆಯನ್ನೇ ಕಟ್ಟಿಕೊಂಡು ವರ್ಷಗಳಿಂದ ಕೂಗುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನನ್ನ ಕೈಯಲ್ಲಿ ಚೀಟಿ ಇತ್ತು, ಆದರೆ ಅದು ಬೇರೆ ಔಷಧಿಯ ಚೀಟಿ! ಕೊನೆಗೆ ನಾನು ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ಚೀಟಿ ನೋಡಿ, ಕಂಪನಿ ಬೇರೆಯಾದರೂ ಸಣ್ಣ ಅಕ್ಷರಗಳು ಸರಿಯಾಗಿ ಅವೇ ಇದ್ದ ಟ್ಯೂಬು ಕೊಟ್ಟಳು. ಫೋಟೊ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ, ಆಗಬಹುದು ಎಂದರು. ಬದಲಿ ಕೊಡುವುದೆಂದರೆ ಹೀಗೆ.

ಇದು ಬೆಣ್ಣೆ ದೋಸೆ. ಹೌದು, ಔಷಧಿ ತಂದ ದಿನವೇ ತಿಂದಿದ್ದೇನೆ. ಮೊಡವೆ ಏಳುವುದೇ ಬೆಣ್ಣೆಯಿಂದ ಎಂದು ಅಜ್ಜಿ ದಿನವೂ ಹೇಳುತ್ತಾರೆ, ನಾನೂ ನಂಬಿದ್ದೆ. ಡಾಕ್ಟರಮ್ಮನ ಪ್ರಕಾರ ಎಣ್ಣೆ ಬೆಣ್ಣೆಗಿಂತ ಹೆಚ್ಚು ಪುರಾವೆ ಇರುವುದು ಸಕ್ಕರೆ, ಮೈದಾ ಮುಂತಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರಕ್ಕೆ, ಸ್ವಲ್ಪ ಮಟ್ಟಿಗೆ ಹಾಲಿಗೆ. ಹಾಗಾದರೆ ಅಕ್ಕಿಯ ದೋಸೆ ಯಾವ ಲೆಕ್ಕಕ್ಕೆ ಎಂದು ನಾನು ಕೇಳಲಿಲ್ಲ, ಉತ್ತರ ನನಗೆ ಬೇಕಿರಲಿಲ್ಲ. ಚಟ್ನಿಯ ಬಗ್ಗೆ ಹೇಳಬೇಕೆಂದರೆ... ಇರಲಿ, ದೃಶ್ಯ ಬದಲಾಯಿತು.

ರಾತ್ರಿ. ಮುಖ ಪೂರ್ತಿ ಒಣಗಿದೆ, ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ನನ್ನದು ಬೇಗ ಸಿಪ್ಪೆ ಏಳುವ ಚರ್ಮ, ಹಾಗಾಗಿ ಮೊದಲು ತೆಳುವಾಗಿ ಮಾಯಿಶ್ಚರೈಸರ್, ಆಮೇಲೆ ಜೆಲ್. ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಯಾವ ಬಟಾಣಿ, ಒಣಗಿದ್ದೋ ನೆನೆಸಿ ಉಬ್ಬಿದ್ದೋ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ನಕ್ಕು, "ಚಿಕ್ಕದನ್ನೇ ಹಿಡಿ" ಎಂದರು. ಹಣೆ, ಎರಡು ಕೆನ್ನೆ, ಮೂಗು, ಗದ್ದ, ಐದು ಚುಕ್ಕೆ. ಕಣ್ಣಿನ ಸುತ್ತ, ತುಟಿ, ಬಾಯಿಯ ತುದಿ, ಮೂಗಿನ ಹೊಳ್ಳೆಯ ಮಡಿಕೆ ಬಿಟ್ಟು ಹರಡಬೇಕು. ಗಾಯವಿದ್ದಲ್ಲಿ ಹಚ್ಚಬಾರದು. ಎದ್ದ ಮೊಡವೆಯ ತಲೆಯ ಮೇಲೆ ಮಾತ್ರ ಚುಕ್ಕೆ ಇಡುವುದಕ್ಕೆ ಇದು ಬೊಟ್ಟಲ್ಲ. ಇನ್ನೂ ಏಳದಿರುವ ಮೊಡವೆಗೂ ಸೇರಿಸಿ ಹಚ್ಚುವುದು.

ಈಗ ಲೆಕ್ಕ. ರಾತ್ರಿಗೆ ಅರ್ಧ ಗ್ರಾಂ ಎಂದರೂ 15 ಗ್ರಾಂ ಟ್ಯೂಬು 30 ರಾತ್ರಿಗೆ ಬರುತ್ತದೆ. ಶುರುವಿನಲ್ಲಿ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚು ಎಂದಿದ್ದಾರೆ, ಹಾಗಾದರೆ ಎರಡು ತಿಂಗಳು. ದರೋಡೆ ಎಂದ ಮಾತನ್ನು ವಾಪಸು ಪಡೆಯುತ್ತೇನೆ.

ತುಸು ಉರಿ, ಕೆಂಪು, ಒಣಗುವುದು, ಸಿಪ್ಪೆ, ಇವೆಲ್ಲ ಮೊದಲ ವಾರಗಳಲ್ಲಿ ಸಾಮಾನ್ಯ. ಕೆಲವರಿಗೆ ಮೊಡವೆ ಮೊದಲು ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಉರಿ ತಡೆಯಲಾಗದಿದ್ದರೆ ನಡುವೆ ಬಿಡುವು ಕೊಟ್ಟು ಡಾಕ್ಟರಿಗೆ ಹೇಳಬೇಕು. ಮುಖ, ತುಟಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಅದು ಅಲರ್ಜಿ. ಅಪರೂಪ, ಆದರೆ ಆಗ ಮುಖ ತೊಳೆದು ನೇರವಾಗಿ ಆಸ್ಪತ್ರೆಗೆ. ಒಳ್ಳೆಯ ಫಲ ಕಾಣಲು 8ರಿಂದ 12 ವಾರ ಬೇಕು. ಏಳು ದಿನದಲ್ಲಿ ಹೊಳಪು ಎನ್ನುವ ಯಾವುದನ್ನು ಕಂಡರೂ ನನಗೆ ಈಗ ಮೊಮೆಟಾಸೋನ್ ನೆನಪಾಗುತ್ತದೆ.

ದಿಂಬಿಗೆ ಬಿಳಿ ಕವರ್ ಹಾಕಿರುವುದು ಚೆಂದಕ್ಕಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ಹಚ್ಚಿದ ಮೇಲೆ ಕೈ ತೊಳೆಯದೆ ಅಮ್ಮನ ಇಳಕಲ್ ಸೀರೆ ಮುಟ್ಟಿದರೆ ಮನೆಯಲ್ಲಿ ನನ್ನ ಹೆಸರೂ ಬಣ್ಣ ಕಳೆದುಕೊಳ್ಳುತ್ತದೆ.

ಇದು ದೊಡ್ಡಪ್ಪನ ಮನೆ, ಮದುವೆಯ ಓಡಾಟ. ಅಕ್ಕ ಈಗ ಬಸುರಿ. ಅವಳ ಗದ್ದದ ಮೇಲೆ ಮೊಡವೆ ಎದ್ದಿದೆ, "ನಿನ್ನದನ್ನೇ ಸ್ವಲ್ಪ ಕೊಡೇ" ಎಂದಳು. ಕೊಡಲಿಲ್ಲ. ಜಿಪುಣಿ ಎನ್ನಿಸಿಕೊಂಡೆ, ಪರವಾಗಿಲ್ಲ. ಬಸುರಿಯರು ರೆಟಿನಾಯ್ಡ್ ಹಚ್ಚಬಾರದು. ಮಗು ಬೇಕೆಂದು ಯೋಚಿಸುತ್ತಿರುವವರೂ ಮೊದಲೇ ಡಾಕ್ಟರಿಗೆ ಹೇಳಬೇಕು. ಬಸುರಿಯರಿಗೆ ಕೊಡಬಹುದಾದ ಬೇರೆ ಔಷಧಿಗಳಿವೆ, ಅವಳ ಡಾಕ್ಟರೇ ಬರೆದುಕೊಡಲಿ. ಚಿಕ್ಕಮ್ಮ ಮಾತ್ರ "ಮೇಲೆ ಹಚ್ಚುವುದು ಒಳಗೆ ಹೇಗೆ ಹೋಗುತ್ತದೆಯೇ" ಎಂದು ವಾದ ಹೂಡಿದರು. ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ, ನಿಜ. ಆದರೂ ಮೊಡವೆಗಾಗಿ ಅಷ್ಟು ಧೈರ್ಯ ಯಾಕೆ?

ಅರಿಶಿನದ ಶಾಸ್ತ್ರಕ್ಕೆ ಮುಖ ತಿಕ್ಕಿಸಿಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ, ಕೈಗೆ ಕಾಲಿಗೆ ಎಷ್ಟು ಬೇಕಾದರೂ ಹಚ್ಚಲಿ. ಮುಖಕ್ಕೆ ವ್ಯಾಕ್ಸಿಂಗ್ ಬೇಡವೇ ಬೇಡ, ರೆಟಿನಾಯ್ಡ್ ಹಚ್ಚಿದ ಚರ್ಮ ಮೇಣದ ಜೊತೆಗೇ ಕಿತ್ತು ಬರಬಹುದು. ಪಾರ್ಲರಿನವರು "ಬ್ಲೀಚ್ ಮಾಡೋಣವೇ" ಎಂದರೆ ಎದ್ದು ಬರುವುದು.

ಬೆಳಗ್ಗೆ. ಸನ್‌ಸ್ಕ್ರೀನ್. ಈ ಔಷಧಿ ಹಚ್ಚುವವರಿಗೆ ಬಿಸಿಲು ಬೇಗ ತಾಗುತ್ತದೆ, ಬಿಸಿಲು ತಡೆಯುವ ಅಳತೆ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಎರಡು ಬೆರಳ ಉದ್ದಕ್ಕೆ ಹಿಂಡಿಕೊಳ್ಳಬೇಕು, ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. 50 ಗ್ರಾಂಗೆ 480 ರೂಪಾಯಿ. ದಿನಕ್ಕೆ ಒಂದೇ ಸಲ ಹಚ್ಚಿದರೂ ಒಂದೂವರೆ ತಿಂಗಳು ಬಂದರೆ ಹೆಚ್ಚು. ಔಷಧಿಗಿಂತ ಔಷಧಿಯ ಕೊಡೆಗೇ ಖರ್ಚು! ದರೋಡೆ ಎಂಬ ಮಾತನ್ನು ಸುಮ್ಮನೆ ವಾಪಸು ಪಡೆದೆ, ಇಲ್ಲಿಗೆ ಬೇಕಾಗಿತ್ತು. ತಮ್ಮ ಕ್ರಿಕೆಟ್ಟಿಗೆ ಹೊರಡುವಾಗ ಇದನ್ನೇ ಕೈಗೂ ಕುತ್ತಿಗೆಗೂ ಬಳಿದುಕೊಂಡು ಹೋಗುತ್ತಾನೆ, ಬಲ್ಬು ತರಲು ಮಾತ್ರ ನೆನಪಿರುವುದಿಲ್ಲ.

ಮೊದಲ ದಿನದ ಫೋಟೊ ತೆಗೆದಿಟ್ಟಿದ್ದೇನೆ, ಈಗ ತೋರಿಸುವುದಿಲ್ಲ. ಡಾಕ್ಟರಮ್ಮ ಮತ್ತೆ ನೋಡಲಿ, ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹಾಕುತ್ತೇನೆ, ಏನೂ ಬದಲಾಗದಿದ್ದರೂ ಹಾಕುತ್ತೇನೆ. ಆಟೋದವರು ಹಾರ್ನ್ ಹೊಡೆಯುತ್ತಿದ್ದಾರೆ, ಕಿವಿಗೆ ಹಚ್ಚುವುದು ಬಾಕಿ ಇದೆ, ಅದನ್ನು ದಾರಿಯಲ್ಲಿ ಹಚ್ಚಿಕೊಳ್ಳುತ್ತೇನೆ.